ಮಿಕ್ಕ ಮೂರು ನಿಮಿಷ

ಕೂತುಕೋ ತಮ್ಮಾ. ಆ ಸ್ಟೂಲು ಅಲ್ಲಾಡುತ್ತೆ, ಗೋಡೆಗೆ ಒತ್ತಿಸಿಕೋ.
ಹಾಡಿನ ಕಂಪನಿಯಿಂದ ಶಿಡ್ಲಘಟ್ಟದವರೆಗೆ ಬಂದು
ಆಟಕ್ಕೆ ಹುಟ್ಟುವ ಕಾಸು ಹಾಡಿಗೆ ಯಾಕೆ ಹುಟ್ಟುತ್ತಿಲ್ಲ ಅಂತ
ಕ್ಯಾಸೆಟ್ಟು ಮಾರಿ ಮುಳುಗಿದವನನ್ನು ಕೇಳುತ್ತಿದ್ದೀಯ.
ಸರಿಯೇ. ಕೆರೆಯ ಆಳ ಮುಳುಗಿದವನಿಗೇ ಗೊತ್ತು.

ಇದು ನೂಲಿನ ಊರು. ಬಿಸಿನೀರ ಬಾಣಲೆಯಲ್ಲಿ ಗೂಡು ಕುಣಿಯುತ್ತೆ,
ಎಳೆಯ ತುದಿ ಸಿಕ್ಕಿದರೆ ಸಾಕು, ಅರ್ಧ ಮೈಲಿ ಬಿಚ್ಚಿಕೊಳ್ಳುತ್ತೆ.
ನನ್ನ ಅಂಗಡಿಯಲ್ಲೂ ಬಿಚ್ಚಾಣಿಕೆಯೇ:
ಪ್ಲೇಯರು ಟೇಪು ನುಂಗಿದಾಗ
ಪೆನ್ಸಿಲು ತೂರಿಸಿ, ತಿರುಗಿಸಿ ತಿರುಗಿಸಿ ಒಳಕ್ಕೆ ಸೇರಿಸುವುದು.

ಎದುರಿಗೆ ಅಮ್ಜದನ ಅಂಗಡಿ. ತಗಡಿನ ಬಾಗಿಲು, ಎರಡು ಟೀವಿ,
ಒಂದು ರೂಪಾಯಿಗೆ ಮೂರು ಜೀವ.
ನನ್ನದು ಮೂವತ್ತೈದು ರೂಪಾಯಿಗೆ ಒಂದೇ ಜೀವ,
ಅದೂ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತಿತ್ತು.
ಅಲ್ಲಿ ಹುಡುಗರು ಸಾಯುತ್ತಿದ್ದರು, ನಗುತ್ತಿದ್ದರು,
ಮನೆಗೋಡಿ ಮತ್ತೆ ಕಾಸು ತರುತ್ತಿದ್ದರು.

ಆಮೇಲೆ ನಿಮ್ಮವರು ಬಂದರು. ಜೀಪು, ಪೊಲೀಸು.
ನಕಲು ಅಂತ ಇನ್ನೂರ ಹನ್ನೊಂದು ಕ್ಯಾಸೆಟ್ಟು ರಸ್ತೆಗೆ ಸುರಿದು
ಬೂಟುಗಾಲಲ್ಲಿ ತುಳಿದರು.
ಕಡಲೆಕಾಯಿ ಒಡೆದಂಥ ಸದ್ದು.
ಅಮ್ಜದನದೂ ನಕಲೇ. ಹಳದಿ ಡಬ್ಬಿಯ ಮೇಲೆ
ತೊಂಬತ್ತೊಂಬತ್ತು ಸಾವಿರ ಆಟ ಅಂತ ಸುಳ್ಳು ಬೇರೆ.
ಅವನನ್ನು ಯಾರೂ ಕೇಳಲಿಲ್ಲ.
ಅಲ್ಲಿ ಕೈ ಪಳಗಿಸಿದವರೇ ಈಗ ಅಪ್ಪಂದಿರಾಗಿ
ನನ್ನ ಹತ್ತಿರ ಆಟದ ಕೋಡು ಕೊಳ್ಳುತ್ತಾರೆ.
ಆಟ ಬಿಟ್ಟಿ. ಒಳಗಿನ ಬೊಂಬೆಗೆ ಕೆಂಪು ಜಾಕೀಟು, ಎಂಬತ್ತು ರೂಪಾಯಿ.
ಯಾರ ಚಳಿಯೂ ಹೋಗುವುದಿಲ್ಲ ಅದರಿಂದ.
ಬೊಂಬೆ ತನ್ನದು ಅನ್ನಿಸುತ್ತೆ, ಅಷ್ಟೇ.

ನಿನ್ನೆ ಮುನಿಲಕ್ಷ್ಮಮ್ಮನ ಮೊಮ್ಮಗಳು ಹರಿಣಿ
ರೀಚಾರ್ಜಿಗೆ ಬಂದವಳು ಏನೋ ಗುನುಗುತ್ತಿದ್ದಳು, ಮಾತಿಲ್ಲದ ರಾಗ.
ಯಾವ ಸಿನಿಮಾದ್ದೇ ಅಂದೆ.
‘ಆರನೇ ಲೆವೆಲ್ಲು ತಾತ. ನಲವತ್ತು ಸಲ ಸತ್ತಿದ್ದೀನಿ ಅದರಲ್ಲಿ.’
ಸರಳೆ ವರಸೆಯ ನಮ್ಮ ಮೇಷ್ಟರೂ ಇದನ್ನೇ ಮಾಡಿಸುತ್ತಿದ್ದರು:
ತಪ್ಪಿತು, ಮೊದಲಿಂದ. ತಪ್ಪಿತು, ಮೊದಲಿಂದ.
ಅವರ ಕೈಯಲ್ಲಿ ಬೆತ್ತ ಇತ್ತು, ನಾನು ಬಿಟ್ಟು ಓಡಿದೆ.

ಬರಕೊಂಡೆಯಾ? ಇರು. ನಾನು ಹೇಳಬೇಕೆಂದಿದ್ದು ಅದಲ್ಲ.

ಖಾಲಿ ಕ್ಯಾಸೆಟ್ಟಿಗೆ ಗಿರಾಕಿಯ ಪಟ್ಟಿಯಂತೆ ಹಾಡು ತುಂಬಿಸುವಾಗ
ಕೊನೆಯಲ್ಲಿ ಎರಡು ಮೂರು ನಿಮಿಷ ಮಿಕ್ಕುತ್ತಿತ್ತು.
ಅರ್ಧ ಹಾಡು ಹಾಕಿದರೆ ಬೈಗುಳ, ಖಾಲಿ ಬಿಟ್ಟರೆ ಜಗಳ.
ಬಿಚ್ಚಾಣಿಕೆಯ ಪಿಳ್ಳಪ್ಪನದು ಹಾಗೆ ಮಿಕ್ಕಾಗ
ಏನಾದರೂ ಹಾಕು ಸ್ವಾಮಿ ಅಂದ.
ನೀನೇ ಹಾಡು ಅಂದೆ, ತಮಾಷೆಗೆ.
ಅವನು ಟವೆಲ್ಲಿಗೆ ಕೈ ಒರೆಸಿಕೊಂಡ. ಬೆಂದು ಬೆಳ್ಳಗಾದ ಬೆರಳು.
ಅವರಜ್ಜಿಯ ಒಂದು ತೆಲುಗು ತತ್ವಪದ ಎತ್ತಿದ.
ನಡುವೆ ಕೆಮ್ಮಿದ. ಚಿಂತಾಮಣಿ ಬಸ್ಸಿನ ಹಾರನ್ನೂ ಬಿತ್ತು.

ಆರು ತಿಂಗಳಿಗೆ ತಂದ, ಟೇಪು ಹರಿದಿದೆ ಅಂತ.
ತಿರುಪು ಬಿಚ್ಚಿ ನೋಡಿದೆ:
ದುಡ್ಡು ಕೊಟ್ಟು ತುಂಬಿಸಿಕೊಂಡ ಹಾಡೆಲ್ಲ ಮಿರಮಿರ,
ಕೈಯೇ ತಾಗದ ಹಾಗೆ.
ಸವೆದಿದ್ದು ಆ ಮೂರು ನಿಮಿಷ.

ನೀವು ಹಾಡನ್ನು ಪೂರಾ ಮುಗಿಸಿ, ನಾಲ್ಕೂ ಕಡೆ ಅಂಟು ಹಾಕಿ ಕಳಿಸುತ್ತೀರ.
ಹಿಡಿಯೋಕೆ ತುದಿ ಎಲ್ಲಿ, ತಮ್ಮಾ?

ಟೀ ಆರುತ್ತಿದೆ, ಕುಡಿ.
ಆ ಕ್ಯಾಸೆಟ್ಟು ನನ್ನ ಹತ್ತಿರ ಇಲ್ಲ, ಸುಮ್ಮನೆ ಕಣ್ಣಾಡಿಸಬೇಡ.
ಹರಿದ ಕಡೆ ಬೆರಳುಗುರಿನಷ್ಟು ಕತ್ತರಿಸಿ, ಅಂಟಿಸಿ ಕೊಟ್ಟೆ, ಒಯ್ದ.
ಒಂದು ಮಾತು ಹೋಗಿತ್ತು ಪದದಲ್ಲಿ.
ಅಲ್ಲಿಗೆ ಬಂದಾಗಲೆಲ್ಲ, ಬಾಣಲೆಯಿಂದ ತಲೆಯೆತ್ತದೆ,
ಆ ಒಂದು ಮಾತನ್ನು ಅವನೇ ಹಾಡಿ
ಮಿಕ್ಕದ್ದನ್ನು ಮೆಷೀನಿಗೆ ಬಿಡುತ್ತಿದ್ದನಂತೆ.