ಪಾಠ ಟಿಪ್ಪಣಿ, ಆಗಸ್ಟ್ ಕೊನೆಯ ವಾರ

ಸೋಮವಾರ ಅಂತ ಕೆಂಪಿನಲ್ಲಿ ಬರೆದು
ಕೆಳಗೆ ನೀಲಿಯಲ್ಲಿ: ಅಳತೆ. ಗೇಣು, ಮೊಳ, ಮಾರು.
ದುದ್ದದಿಂದ ಮೂರು ಮೈಲಿ, ನಲಿ-ಕಲಿ ಕೋಣೆ,
ಮೂರು ತರಗತಿ, ಹತ್ತೊಂಬತ್ತು ಮಕ್ಕಳು,
ಒಬ್ಬಳು ನಾನು.
ಕರಿಹಲಗೆ ಹದಿನೆಂಟು ಗೇಣು ಅಂದ ಧ್ಯಾನ್.
ಅಲ್ಲ, ಇಪ್ಪತ್ತೊಂದು ಅಂದಳು ಒಂದನೇ ಕ್ಲಾಸಿನ ತಹಸೀನ.
ಎರಡೂ ಸರಿ ಅಂದೆ. ಯಾರೂ ನಂಬಲಿಲ್ಲ.
ಬಿಸಿಯೂಟದ ಜವರಮ್ಮನನ್ನು ಕರೆತಂದು ಅಳೆಸಿದರು:
ಹದಿನಾಲ್ಕೂವರೆ.
ಸೌಟು ಹಿಡಿದ ಕೈಯ ಗೇಣಿಗೆ
ಮೇಲ್ಮನವಿ ಇಲ್ಲ.

ಮಂಗಳವಾರ ಏಳು ಜನ ಗೈರು.
ಆಲೂಗೆಡ್ಡೆ ಕೀಳುವ ಕಾಲ.
ಕಿಟಕಿಯಾಚೆ, ಕರೆದರೆ ಕೇಳುವಷ್ಟು ದೂರದಲ್ಲಿ,
ಗುಳದ ಹಿಂದೆ ಬಾಗಿ ಬಾಗಿ ಆಯುತ್ತಿದೆ
ನನ್ನ ಮೂರನೇ ಕ್ಲಾಸು.
ಹೆಸರು ಕೂಗುವುದು ಕೇಳಿಸಿತೇನೋ,
"ಹಾಜರ್ ಮಿಸ್!" ಅಂದ ಒಬ್ಬ, ಹೊಲದಿಂದಲೇ.
ಏನು ಮಾಡಲಿ, ಹಾಕಿದೆ.
ಪೆನ್ಸಿಲಿನಲ್ಲಿ.

ಬುಧವಾರ ಕಾಗುಣಿತ.
ಮಾನ್ವಿತಳ ಸ್ಲೇಟಿನಲ್ಲಿ ಅಕ್ಷರಗಳು
ನಮಗೆ ಬೆನ್ನು ಹಾಕಿ ನಿಲ್ಲುತ್ತವೆ,
ಫೋಟೋ ಬೇಡವೆಂದು ಮುನಿದ ಮಕ್ಕಳ ಹಾಗೆ.
ಕೊಂಬು ಎಡಕ್ಕೆ, ದೀರ್ಘ ಎಡಕ್ಕೆ,
ಇಡೀ ಪದ ಬಾಗಿಲ ಕಡೆಗೆ ನಡೆಯುತ್ತದೆ.
ಸರಿ ಬರುವುದು ಸೊನ್ನೆ ಒಂದೇ.
ಜೂನಿನಿಂದ ತಿದ್ದಿಸಿದ್ದೇನೆ, ಮರಳಲ್ಲಿ,
ರಾಗಿ ಹರವಿದ ಮೊರದಲ್ಲಿ, ಗಾಳಿಯಲ್ಲಿ.
ನಾನು ಕೈ ಹಿಡಿದಿರುವ ತನಕ ಸರಿ,
ಬಿಟ್ಟರೆ ನೀರು ತನ್ನ ಓಟಕ್ಕೆ.
ಅವಳಮ್ಮ ಬೆಳಗಿನ ಆರಕ್ಕೆ
ಹಾಸನದ ಗಾರ್ಮೆಂಟ್ಸಿನ ವ್ಯಾನು ಹತ್ತುವವಳು,
ಒಮ್ಮೆ ಗೇಟಿನ ಹತ್ತಿರ ಸಿಕ್ಕಿ ಅಂದಳು:
"ಹೊಡೀಬ್ಯಾಡಿ ಮಿಸ್.
ಅಂಗಿ ಒಳಮಗ್ಗುಲು ಹೊರಗ್ ಮಾಡಿ ಹಾಕ್ಕಂಡ್ರೂ
ಅಂಗೀನೇ ಅಲ್ವ."
ನಾನು ಹೊಡೆದಿರಲಿಲ್ಲ.
ಆದರೂ ಆ ರಾತ್ರಿ ದೀಪ ಆರಿಸಿದ ಮೇಲೆ
ನೆನಪಾದದ್ದು ಕೆಂಪು ಪೆನ್ನು.

ಗುರುವಾರ ಮೊಟ್ಟೆ. ಸುಲಿಯುವುದೇ ಒಂದು ಪಾಠ.
ಬೇರೇನೂ ಆಗಲಿಲ್ಲ.

ಶುಕ್ರವಾರ ಸಿಆರ್‌ಪಿ ಬಂದು ಪುಸ್ತಕ ತಿರುವಿ
"ಈ ಮಗು?" ಅಂದರು.
ಪ್ರಗತಿಯಲ್ಲಿದೆ, ಸರ್.
ಯಾವ ದಿಕ್ಕಿಗೆ ಅಂತ ಅವರು ಕೇಳಲಿಲ್ಲ.
ಟೀ ಕುಡಿದು ಸಹಿ ಮಾಡಿದರು.

ಶನಿವಾರ ಬೆಳಗಿನ ಶಾಲೆ, ಬ್ಯಾಗಿಲ್ಲದ ದಿನ.
ಹೊಲಕ್ಕೆ ಹೋಗಿದ್ದವರೆಲ್ಲ ಬಂದರು,
ಉಗುರಲ್ಲಿ ಕೆಮ್ಮಣ್ಣು, ಚಡ್ಡಿ ಜೇಬು ಜೋತು,
ಜೇಬಿನಲ್ಲಿ ಗೆಡ್ಡೆ.
ಅರ್ಧಕ್ಕೆ ಕೊಯ್ದು ಕೊಟ್ಟೆ.
ಚಮಚದ ಹಿಡಿಯಲ್ಲಿ ಹೆಸರಿನ ಮೊದಲಕ್ಷರ ಕೆತ್ತಿ
ಬೀಟ್ರೂಟಿನ ರಸದಲ್ಲಿ, ಅರಿಶಿನದಲ್ಲಿ ಅದ್ದಿ
ಹಳೆ ಕ್ಯಾಲೆಂಡರಿನ ಬೆನ್ನಿಗೆ ಒತ್ತಿದರು.

ಧ್ಯಾನನ ಧ ಮುಖ ತಿರುಗಿಸಿತು.
ತಹಸೀನಳ ತ ಕೂಡ.
"ಮಿಸ್, ಗೆಡ್ಡೇನೇ ಸರಿಯಿಲ್ಲ!" ಇಡೀ ಕೋಣೆ.
ಮೊದಲೇ ಹೇಳಬೇಕಿತ್ತು ನಾನು. ಮರೆತಿದ್ದೆ.

ಮಾನ್ವಿತ ಮೂಲೆಯಲ್ಲಿ ನಾಲಿಗೆ ಕಚ್ಚಿಕೊಂಡು
ಎಲ್ಲರಿಗಿಂತ ಕೊನೆಗೆ ಒತ್ತಿದಳು.
ಎತ್ತಿದಳು.
ಮ.
ಅಂಗಡಿ ಬೋರ್ಡಿನಲ್ಲಿರುವ ಹಾಗೆ,
ಬಸ್ಸಿನ ಹಣೆಯ ಮೇಲಿರುವ ಹಾಗೆ,
ಮ.

ಚಪ್ಪಾಳೆ ಗಿಪ್ಪಾಳೆ ಏನಿಲ್ಲ.
ಗಲಾಟೆ ನಿಂತಿತು, ಅಷ್ಟೆ.
ಆಮೇಲೆ ಧ್ಯಾನ್ ಹೊಸ ಹೋಳೊಂದನ್ನು ತಂದು
ಅವಳ ಮುಂದಿಟ್ಟ: "ನಂದೂ ಕೆತ್ಕೊಡೆ."
"ಧ ಹೆಂಗದೆ, ಬರ್ದು ತೋರ್ಸು."
ಅವನು ನೆಲದ ಮೇಲೆ ಬರೆದ, ನೇರವಾಗಿ.
ಅವಳು ನೋಡಿದಳು, ನೋಡಿ
ತನ್ನ ಥರ ಕೆತ್ತಿದಳು.
ಹಿಂದೆ ಸಾಲು ಬೆಳೆಯುತ್ತಿತ್ತು.

ಟಿಪ್ಪಣಿಯಲ್ಲಿ ಶನಿವಾರಕ್ಕೊಂದು ಚೌಕ: ಕಲಿಕಾ ಫಲ.
ಮಧ್ಯಾಹ್ನದ ತನಕ ಖಾಲಿಯಿತ್ತು.
ಒಣಗಿರದ ಆ ಮ-ವನ್ನೇ ಅಲ್ಲಿ ಒತ್ತಿದೆ.
ಸಿಆರ್‌ಪಿ ಕೇಳಿದರೆ ಕೇಳಲಿ.

ಗೆಡ್ಡೆಗಳನ್ನೆಲ್ಲ ಜವರಮ್ಮ ತೊಳೆದು ಸಾರಿಗೆ ಹಾಕಿದರು.
ಸಾರು ಒಂಚೂರು ಕೆಂಪಗಿತ್ತು.
ತಟ್ಟೆಯಲ್ಲಿ ಕೈಯಾಡಿಸುತ್ತ
ತಂತಮ್ಮ ಅಕ್ಷರ ಹುಡುಕಿ,
ಸಿಗದವರು ಪಕ್ಕದವರದ್ದಕ್ಕೆ ಅದಲು ಬದಲು ಮಾಡಿ,
ಊದಿ ಊದಿ ತಿಂದರು.