ವಿಸಲ್‌ಬಾಯಿಯ ಬಾಕಿ

ಆಕೆಯ ಊರಿನ ಪೇಪರಿನಲ್ಲಿ ಬಂದದ್ದು ನಾಲ್ಕೇ ಸಾಲು.
ಮಗಳು ಕತ್ತರಿಸಿ ಕಳಿಸಿದ್ದಾಳೆ,
ಹಳೆಯ ಕ್ರಿಸ್‌ಮಸ್ ಕಾರ್ಡಿನ ವಿಳಾಸ ಹಿಡಿದು:

ಡೋರಿಸ್ ಎಂಟ್ವಿಸಲ್, ತೊಂಬತ್ತೊಂದು.
ಎರಕದವನ ಮಗಳು, ಹದಿನಾಲ್ಕಕ್ಕೇ ಗಿರಣಿಗೆ.
ಒಂಬತ್ತು ವರ್ಷ ಪಾರ್ಲಿಮೆಂಟು, ಆಮೇಲೆ ಸೋಲು.
ಪಕ್ಷದೊಳಗೂ ತೀರ ಎಡಕ್ಕಿದ್ದುದರಿಂದ
ಯಾವ ಖಾತೆಯೂ ಸಿಗಲಿಲ್ಲ.

ಪರೇಲಿನ ಸುದ್ದಿಯೇ ಇಲ್ಲ.
ಹಾಗಾಗಿ ಡೊಂಬಿವಿಲಿಯ ಈ ಬಾಲ್ಕನಿಯಲ್ಲಿ,
ಒಗೆದ ಬಟ್ಟೆಗಳ ನಡುವೆ, ಐದನೆಯ ಸಾಲು ನನ್ನದು.

ಎಂಬತ್ತೆರಡರ ಶ್ರಾವಣ. ಭೋಂಗಾ ಕೂಗದೆ ಏಳು ತಿಂಗಳು;
ಎಷ್ಟು ಹೊತ್ತಿಗೆ ಏಳಬೇಕೆಂಬುದೇ
ಚಾಳುಗಳಿಗೆ ಮರೆತುಹೋಗಿತ್ತು.
ನಾನು ಲಾಲ್‌ಬಾಗಿನ ಹೋಟೆಲಿನ ಗಲ್ಲಾದಲ್ಲಿ,
ಉದ್ರಿ ಪುಸ್ತಕ ತುಂಬಿ ಎರಡನೆಯದಕ್ಕೆ ದಾರ ಹೊಲಿಯುತ್ತಿದ್ದೆ.
ನನಗಿದ್ದದ್ದು ಕೋಟೆಯ ರಾತ್ರಿಶಾಲೆಯ ಇಂಗ್ಲಿಷು,
ಅದರಲ್ಲೂ ಅರ್ಧ ಪಾಠ ನಿದ್ದೆಯಲ್ಲಿ ಕೇಳಿದ್ದು.
ಯೂನಿಯನ್ನಿನವರಿಗೆ ಅಷ್ಟು ಸಾಕಾಯಿತು.

ಗುಂಡಿಯೊಂದು ಕಿತ್ತ ರೇನ್‌ಕೋಟಿನಲ್ಲಿ ಬಂದಳು.
ಹೆಸರು ಯಾರ ನಾಲಗೆಗೂ ಹೊರಳಲಿಲ್ಲ,
ಮಕ್ಕಳು ‘ವಿಸಲ್‌ಬಾಯಿ’ ಎಂದವು, ಅದೇ ನಿಂತಿತು.
ಗಿರಣಿಯ ಗೇಟು ತೆರೆಯಿತು.
(ಬಿಳಿ ತೊಗಲಿಗೆ ಆಗಲೂ ಬೀಗ ತೆರೆಯುತ್ತಿತ್ತು.)
ಸತ್ತಂತೆ ನಿಂತ ಯಂತ್ರಗಳ ಸಾಲಿನಲ್ಲಿ
ಒಂದರ ಧೂಳನ್ನು ತೋಳಿನಿಂದ ಒರೆಸಿದಳು.
ಕಬ್ಬಿಣದಲ್ಲಿ ಉಬ್ಬಿದ ಅಕ್ಷರ: ಓಲ್ಡ್‌ಹ್ಯಾಮ್, ೧೯೨೮.
ಕುರುಡರು ಮುಖ ಮುಟ್ಟುವ ಹಾಗೆ ಮುಟ್ಟಿದಳು.
‘ಇದು ನಮ್ಮ ಬೀದಿಯಲ್ಲಿ ಹುಟ್ಟಿದ್ದು.
ಇದರ ಅಕ್ಕತಂಗಿಯರೆಲ್ಲ
ಅಲ್ಲಿ ಯಾವತ್ತೋ ಗುಜರಿಗೆ ಹೋದರು.’

ಸಂಜೆ ಗಲ್ಲಿಯಲ್ಲಿ ಸಭೆ. ಆಕೆ ಹೇಳಿದ್ದು ಇಷ್ಟು:
‘ನನ್ನಿಂದ ಏನೂ ಆಗದು. ಹಿಂದಿನ ಬೆಂಚಿನವಳು ನಾನು,
ನನ್ನ ಪಕ್ಷಕ್ಕೇ ನನ್ನ ಮಾತು ಬೇಡ.
ನಮ್ಮೂರಿನ ಗಿರಣಿಗಳನ್ನೂ ಉಳಿಸಲಾಗಲಿಲ್ಲ.
ಸುಳ್ಳು ಹೇಳುವುದಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ.’

ಎದುರಿಗೆ ಗುಲಾಬ್‌ತಾಯಿ ಪೆಡ್ಣೇಕರ್,
ಮಂಗಳಸೂತ್ರವಿದ್ದ ಕೊರಳಲ್ಲಿ ಬರೀ ಕರಿದಾರ,
ಮಡಿಲಲ್ಲಿ ಯಾರದೋ ಮಗು.
ನನ್ನ ಬಾಯಿಂದ ಹೊರಟ ಮರಾಠಿ:
‘ಲಂಡನ್ನಿನ ಪಾರ್ಲಿಮೆಂಟಿನಲ್ಲಿ
ನಿಮ್ಮ ಮಾತೆತ್ತುತ್ತಾರಂತೆ ಬಾಯಿ.’

ಚಪ್ಪಾಳೆ. ಮಾಳಿಗೆಯಿಂದ ಸಿಳ್ಳೆ.
ಏಳು ತಿಂಗಳ ಮೇಲೆ ಆ ಗಲ್ಲಿಯಲ್ಲಿ
ಏನೋ ಒಂದು ಕೂಗಿತ್ತು.

‘ಮಿಸ್ಟರ್ ಸಾಲಿಯಾನ್’
(ನನ್ನನ್ನು ಮಿಸ್ಟರ್ ಎಂದವರು ಅದಕ್ಕೂ ಮೊದಲು ಯಾರೂ ಇಲ್ಲ)
‘ಚಪ್ಪಾಳೆ ತಟ್ಟುವಂಥದ್ದು ನಾನೇನು ಹೇಳಿದೆ?’
ಹೋಟೆಲಿನ ಮೂಲೆ ಮೇಜಿನಲ್ಲಿ ಒಪ್ಪಿಕೊಂಡೆ.
ಸಕ್ಕರೆ ಹಾಕದ ಚಹಾವನ್ನು
ಬಹಳ ಹೊತ್ತು ಕಲಕುತ್ತ ಕೂತಳು.
‘ಸರಿ. ಹಾಗಾದರೆ ಹೇಳಿಬಿಟ್ಟಿದ್ದೇನೆ ಎಂದಾಯಿತು.’

ದೀಪಾವಳಿ ಕಳೆದು ಒಂದು ಅಚ್ಚಾದ ಹಾಳೆ ಬಂತು.
ಮೂರು ಸಾಲಿನ ಪ್ರಶ್ನೆ, ಒಂದು ಸಾಲಿನ ಉತ್ತರ:
ಇದು ಘನ ಸರ್ಕಾರದ ವ್ಯಾಪ್ತಿಗೆ ಬರುವ ವಿಷಯವಲ್ಲ.
ಅಂಚಿನಲ್ಲಿ ಪೆನ್ಸಿಲ್ಲು: ‘ನಿಮ್ಮ ಅನುವಾದ ಸರಿಯಾಗಿತ್ತು.’
ಓದಿ ಹೇಳೋಣವೆಂದು ಚಾಳಿಗೆ ಓಡಿದೆ.
ಗುಲಾಬ್‌ತಾಯಿಯ ಖೋಲಿಗೆ ಬೀಗ;
ಕುಡಾಳದ ಕಡೆ ಹೋದರಂತೆ, ಪಾತ್ರೆ ಮಾರಿ.

ಮರುವರ್ಷ ಆಕೆಯೂ ಸೋತಳು.
ಮುಷ್ಕರ ಮುಗಿಯಿತೆಂದು ಮಾತ್ರ
ಇವತ್ತಿನವರೆಗೆ ಯಾರೂ ಹೇಳಿಲ್ಲ.
ಗಿರಣಿಯಿದ್ದಲ್ಲಿ ಈಗ ಅಂಗಡಿಗಳು, ಗಾಜು, ತಂಪು.
ಚಿಮಣಿಯನ್ನು ಉಳಿಸಿದ್ದಾರೆ, ಅದಕ್ಕೆ ದೀಪ ಸುತ್ತಿದ್ದಾರೆ.
ಒಮ್ಮೆ ಒಳಗೆ ಹೋಗಿ ಯಂತ್ರ ಹುಡುಕಿದೆ;
ಕಾವಲಿನ ಹುಡುಗ ‘ಬಾಬಾ, ಟಾಯ್ಲೆಟ್ ಆ ಕಡೆ’ ಎಂದ.

ಲಕೋಟೆಯಲ್ಲಿ ಇನ್ನೊಂದು ಚೀಟಿ.
ಅಮ್ಮನ ಪರ್ಸಿನ ಒಳಜೇಬಿನಲ್ಲಿತ್ತಂತೆ,
ಯಾವ ಲಿಪಿಯೋ ತಿಳಿಯದು,
ದಯವಿಟ್ಟು ಅರ್ಥ ಬರೆದು ಕಳಿಸುವಿರಾ?

ನನ್ನದೇ ಅಕ್ಷರ, ಹೋಟೆಲಿನ ಬಿಲ್ಲು:
ಎರಡು ಚಹಾ, ಒಂದು ಬನ್ಸ್.
ಬಾಕಿ.

ಪೆನ್ನು ಹಿಡಿದು ಕೂತಿದ್ದೇನೆ.