ಪಂಚನಾಮೆ

ಸ್ಥಳ: ಕೋಡಿಬಾಗ, ಬಸ್ತ್ಯಾಂವನ ಹಿತ್ತಿಲ ಕಟ್ಟೆ.
ಸಮಯ: ಸಂಜೆ ಐದೂವರೆ, ಅಕ್ಟೋಬರಿನ ಸೆಕೆ.
ಪಂಚರು: ನನ್ನನ್ನೂ ಸೇರಿಸಿ ಮೂವರು.
ಬೇರೆ ಥರ ಬರೆಯಲು ನನಗೆ ಬರುವುದಿಲ್ಲ;
ಮಾಜಾಳಿ ನಾಕೆಯಲ್ಲಿ ಮೂವತ್ತೊಂದು ವರ್ಷ
ಬರೆದದ್ದು ಇದೊಂದನ್ನೇ.

ಬಸ್ತ್ಯಾಂವನ ಮಗಳು ಲವೀನಾ, ಕಾಣಕೋಣದ ಆಚೆ
ಬೀರು ಮಾಡುವ ಕಂಪನಿಯಲ್ಲಿದ್ದಾಳೆ.
ಹೊರದೇಶದಲ್ಲಿ ಎಲೆ ಉದುರುವಾಗ
ಚೀನಿಕಾಯಿಯ ಬೀರು ಕುಡಿಯುತ್ತಾರಂತೆ, ಮಸಾಲೆ ಹಾಕಿ.
ಇಲ್ಲಿ ಉದುರುವುದೇನಿದೆ?
ಗಾಳಿಮರದ ಸೂಜಿ ವರ್ಷವಿಡೀ ಉದುರುತ್ತದೆ,
ಅದಕ್ಕೆಂದು ಯಾರೂ ಬೀರು ಮಾಡಿಲ್ಲ.

ನಾಲ್ಕು ಬಾಟಲಿ. ಲೇಬಲ್ಲಿಲ್ಲ, ಸುಣ್ಣದಲ್ಲಿ ಅಂಕೆ.
"ಮೂಗು ಅಂದರೆ ನಿಮ್ಮದು, ಗಾರ್ಡ್ ಮಾಮಾ" ಎಂದಳು.
ಹೌದು. ಬೂಚು ತೆಗೆಯದೆ ಹೇಳುತ್ತಿದ್ದೆ
ಗೇರಿನದೋ, ತೆಂಗಿನದೋ.
ನಾಲಿಗೆ ಮಾತ್ರ ಇವತ್ತಿನವರೆಗೂ
ಇಲಾಖೆಯ ಆಣೆಯಲ್ಲಿತ್ತು.

ಒಂದು.
ಬಣ್ಣ, ಕಾಳಿ ನದಿಯ ಮೊದಲ ನೆರೆ.
ದಾಲ್ಚಿನ್ನಿ ಮುಂದೆ ಬಂದು ನಿಂತಿದೆ, ಮದುವೆಯ ಫೋಟೋದಲ್ಲಿ
ಎತ್ತರದ ಸೋದರಮಾವನ ಹಾಗೆ;
ಹಿಂದೆ ಯಾರಿದ್ದಾರೋ ಕಾಣುವುದಿಲ್ಲ.
"ಕೇಕು ನೆನೆಸಿದ ನೀರು" ಎಂದ ಬಸ್ತ್ಯಾಂವ, ತಂದೆಯಾಗಿಯೂ.
ನಾಲ್ಕು ಅಂಕ.

ಎರಡು. ಲವಂಗ.
ಹಲ್ಲು ಕೀಳಿಸಿಕೊಂಡ ಮಧ್ಯಾಹ್ನ.
ಅಂಕ ಬೇಡ, ಮುಚ್ಚಳ ಹಾಕು.

ಮೂರಕ್ಕೆ ತೆಪ್ಪಲು ಕೊಟ್ಟವಳು ಶೇವಂತಿ,
ರವಿವಾರದ ಸಂತೆಯಲ್ಲಿ ಮಾರಿ ಮಿಕ್ಕಿದ್ದು;
ಜೋನಿಬೆಲ್ಲ ಶಿರಸಿಯದು.
ನೊರೆ ಬೇಗ ಇಳಿಯಿತು. ಗುಟುಕು ಇಳಿದ ಮೇಲೆ
ನಾಲಿಗೆಯ ತುದಿ ಸಣ್ಣಗೆ ಝುಮ್ಮೆಂದು
ಬಂಗಡೆಯಿಲ್ಲದ ಬಂಗಡೆ ಸಾರು.
ಶೇವಂತಿ ಕಣ್ಣು ಮುಚ್ಚಿ ಇನ್ನೊಂದು ಗುಟುಕು ಹಾಕಿ
"ಮೀನೆಲ್ಲಿ?" ಎಂದಳು.
ಎಂಟು. ಮೀನಿದ್ದರೆ ಒಂಬತ್ತು.

ನಾಲ್ಕು. ಮಸಾಲೆ ಹಾಕಲು ಮರೆತಿದ್ದಂತೆ.
"ಇದು ಬಿಡಿ, ಚೆಲ್ಲುವುದೇ."
ಚೆಲ್ಲುವ ಮೊದಲು ಮೂಸುವುದು ನನ್ನ ರೂಢಿ.
ಮೂಸಿದೆ.

ಹಸಿ ತಿರುಳು. ತೇವದ ಬೀಜ.
ನಾರಿನ ಎಳೆಗಳ ನಡುವೆ ಮುದುರಿ ಕೂತ ಅಮಲು.

ತೊಂಬತ್ತೆರಡು, ಇಂಥದೇ ತಿಂಗಳು, ಕದಂಬ ಬಸ್ಸು.
ಮಡಿಲಲ್ಲಿ ಚೀನಿಕಾಯಿ ಇಟ್ಟುಕೊಂಡು ಒಬ್ಬ ಹೆಂಗಸು,
ಕೂಸಿನ ನೆತ್ತಿಗೆ ಇಟ್ಟಂತೆ ಕೈಯಿಟ್ಟು.
ತೊಟ್ಟಿನ ಸುತ್ತ ಕೂದಲೆಳೆಯ ಗೆರೆ, ಗೋಧಿಹಿಟ್ಟಿನ ಅಂಟು.
ತೊಟ್ಟು ಹಿಡಿದು ಎತ್ತಿದೆ.
ಒಳಗೆ ಬಾಟಲಿ ಕೂಡ ಇಲ್ಲ. ಬರೀ ಫೆನ್ನಿ,
ತಿರುಳಿಗೆ ತಾಗಿಕೊಂಡು, ಬಸ್ಸಿನ ಇಂಜಿನ್ನಿಗೆ ನಡುಗುತ್ತ.
ಅವಳು ಅಳಲಿಲ್ಲ.
"ಎರಡು ದಿನ ಇಟ್ಟರೆ ರುಚಿ ಹಿಡಿಯುತ್ತದೆ" ಎಂದಳು,
ಅಡುಗೆ ಹೇಳಿಕೊಡುವವಳ ಹಾಗೆ.
ಬರೆದೆ: ದ್ರವ, ಅಂದಾಜು ಎರಡು ಲೀಟರ್,
ಸ್ಥಳದಲ್ಲೇ ನಾಶಪಡಿಸಲಾಯಿತು.
ಸಹಿ, ಚಹಾದಂಗಡಿಯ ಇಬ್ಬರದು.

"ಎಷ್ಟು ಅಂಕ, ಮಾಮಾ?"
"ತೀರ ಸಪ್ಪೆ" ಎಂದು ಬಸ್ತ್ಯಾಂವ ಲೋಟ ಕೊಡವಿದ.
ನಾನು ಬಸ್ಸಿನ ಕತೆ ಹೇಳಿದೆ, ಸಹಿಯವರೆಗೆ.
ಶೇವಂತಿ ಸಂತೆಯವಳು, ಚಿಲ್ಲರೆ ಬಿಡುವವಳಲ್ಲ:
"ಫೆನ್ನಿ ಚೆಲ್ಲಿದಿರಿ, ಸರಿ. ಕಾಯಿ?"

ಸೇತುವೆಯ ಮೇಲೆ ಲಾರಿಯೊಂದು ದೀಪ ಹಾಕಿತು.

ಮುದ್ದೆಮಾಲಿನ ಪಟ್ಟಿಯಲ್ಲಿ ಕಾಯಿ ಇರಲಿಲ್ಲ.
ಅಂದು ರಾತ್ರಿ ನಮ್ಮಲ್ಲಿ ಅದರದೇ ಪಲ್ಯ, ಸಾಸಿವೆ, ತೆಂಗು.
ಹೆಂಡತಿ ಎರಡು ಸಲ ಬಡಿಸಿಕೊಂಡು
ಕಾರಣವಿಲ್ಲದೆ ನಕ್ಕಿದ್ದಳು, ತುತ್ತು ಕೈಯಲ್ಲೇ ಇಟ್ಟುಕೊಂಡು.
ನಾನೂ ಬಟ್ಟಲು ಬಳಿದು ತಿಂದಿದ್ದೆ.

ಯಾರೂ ಏನೂ ಅನ್ನಲಿಲ್ಲ.
ನನ್ನ ಕೈ ತಾನಾಗಿ ಎದ್ದು
ಹೆಗಲು ಮುಟ್ಟಿ ನೋಡಿಕೊಂಡಿತು.